ಮಕ್ಕಳಿಲ್ಲದವನ ಹಾಲ್ಟಿಂಗ್

ನಮ್ಮ ಕಡೆ ಕೊನೆಯ ಬಸ್ಸು ವಾಪಸು ಬರುವುದಿಲ್ಲ. ಸಂಜೆ ಕೊಪ್ಪ ಬಿಟ್ಟು, ರಾತ್ರಿ ಶೃಂಗೇರಿಯಿಂದ ಹೊರಟು, ಕಿಗ್ಗ ದಾಟಿ, ಸಿರಿಮನೆ ಕಡೆಯ ಕೊನೆಯ ಸ್ಟಾಪಿನಲ್ಲಿ ಜನರನ್ನು ಇಳಿಸಿ ಅಲ್ಲೇ ನಿಂತುಬಿಡುತ್ತದೆ. ಬೆಳಿಗ್ಗೆ ಅಲ್ಲಿಂದಲೇ ಮೊದಲ ಟ್ರಿಪ್ಪು. ಹೈಸ್ಕೂಲಿನ ಮಕ್ಕಳು, ಆಸ್ಪತ್ರೆಗೆ ಹೊರಟವರು, ಕೊಪ್ಪದ ಕೋರ್ಟಿನಲ್ಲಿ ಕೇಸಿದ್ದವರು, ಎಲ್ಲರೂ ಆ ಬಸ್ಸನ್ನೇ ನಂಬಿದವರು. ಬಸ್ಸು ಹೀಗೆ ಊರ ಕೊನೆಯಲ್ಲಿ ತಂಗುವುದಕ್ಕೆ ನಾವು ಹಾಲ್ಟಿಂಗ್ ಎನ್ನುತ್ತೇವೆ. ಬಸ್ಸು ತಂಗಿದರೆ ಡ್ರೈವರ್, ಕಂಡಕ್ಟರ್ ಇಬ್ಬರೂ ತಂಗಬೇಕು. ನಾನು ಆ ಬಸ್ಸಿನ ಕಂಡಕ್ಟರ್. ಎಷ್ಟು ಕಾಲದಿಂದ ಎಂದು ಕೇಳಿದರೆ, ನಾನು ಮೊದಲ ಸಲ ಅಲ್ಲಿಗೆ ಹೋದಾಗ ತೊಟ್ಟಿಲಲ್ಲಿದ್ದ ಕೂಸುಗಳು ಆಮೇಲೆ ನನ್ನ ಬಸ್ಸಿನಲ್ಲೇ ಹೈಸ್ಕೂಲಿಗೆ ಹೋಗತೊಡಗಿದ್ದವು.

ನನ್ನ ಡ್ರೈವರನ ಮನೆ ಆ ಸ್ಟಾಪಿನ ಪಕ್ಕದಲ್ಲೇ ಇತ್ತು. ಅವನು ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ಜೇಬಿಗೆ ಹಾಕಿಕೊಂಡು, ಹೆಂಡತಿ ಮಾಡಿದ ಬಿಸಿ ಊಟಕ್ಕೆ ಹೋಗುತ್ತಿದ್ದ. ಅವನಿಗೆ ಹಾಲ್ಟಿಂಗ್ ಎಂದರೆ ಮನೆ, ನನಗೆ ವನವಾಸ. ಒಳ್ಳೆಯ ಮನುಷ್ಯ, ದಿನಾ ಊಟಕ್ಕೆ ಕರೆಯುತ್ತಿದ್ದ, ನಾನೂ ಹೋಗಿ ಉಣ್ಣುತ್ತಿದ್ದೆ. ಉಂಡು ಬಂದು ಬಸ್ಸಿನ ಉದ್ದ ಸೀಟಿನ ಮೇಲೆ ಚಾಪೆ ಹಾಸಿಕೊಳ್ಳುತ್ತಿದ್ದೆ. ಬೇರೆಯವರ ಮನೆಯಲ್ಲಿ ದಿನವೂ ಉಣ್ಣುವವನಿಗೆ ಉಪ್ಪು ಹೆಚ್ಚಾಗಿದೆ ಎಂದು ಹೇಳುವ ಹಕ್ಕು ಕೂಡ ಇರುವುದಿಲ್ಲ.

ನಮ್ಮ ಮಾಲೀಕರಿಗೆ ಇದ್ದದ್ದು ಕೆಲವೇ ಬಸ್ಸು. ಹಾಲ್ಟಿಂಗ್ ಬಸ್ಸೊಂದನ್ನು ಬಿಟ್ಟರೆ ಉಳಿದವು ಬಾಳೆಹೊನ್ನೂರು, ನರಸಿಂಹರಾಜಪುರ ಎಂದು ಸುತ್ತಿ ಸಂಜೆ ಏಳರ ಹೊತ್ತಿಗೆ ನಮ್ಮೆಲ್ಲರ ಮನೆಯಿದ್ದ ಕೊಪ್ಪಕ್ಕೆ ಬಂದು ನಿಲ್ಲುತ್ತಿದ್ದವು. ಆ ಬಸ್ಸುಗಳ ಕಂಡಕ್ಟರುಗಳು ಕಲೆಕ್ಷನ್ ಕಟ್ಟಿ, ಪೇಟೆಯಲ್ಲಿ ಮೀನೋ ಸೊಪ್ಪೋ ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು. ಯಾರು ಯಾವ ಬಸ್ಸಿಗೆ ಎಂದು ಹೇಳುತ್ತಿದ್ದವರು ಬಸ್‌ಸ್ಟ್ಯಾಂಡಿನ ಬುಕಿಂಗ್ ರೂಮಿನಲ್ಲಿ ಕೂರುವ ಮ್ಯಾನೇಜರ್. ಅವರ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆದರೆ ಒಂದು ವಿಷಯದಲ್ಲಿ ಮಾತ್ರ ಅವರಿಗೆ ಗೊಂದಲವೇ ಇರಲಿಲ್ಲ, ಅದು ಪೇಡೆ.

ಪೇಡೆಯ ಕತೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹೊಸದಾಗಿ ಸೇರಿದ ಕಂಡಕ್ಟರ್ ಹಾಲ್ಟಿಂಗ್ ಮಾಡಬೇಕು. ಮದುವೆಯಾದರೂ ಮಾಡಬೇಕು. ಮೊದಲ ಮಗು ಹುಟ್ಟಿದ ದಿನ ಅವನು ಬುಕಿಂಗ್ ರೂಮಿಗೆ ಪೇಡೆಯ ಡಬ್ಬಿ ತರುತ್ತಾನೆ. ಮ್ಯಾನೇಜರ್ ಎರಡು ತಿಂದು, ಒಂದನ್ನು ಮಾಲೀಕರ ಹೆಸರಿನಲ್ಲಿ ಕಾಗದದಲ್ಲಿ ಸುತ್ತಿಟ್ಟು, ಮುಂದಿನ ಸೋಮವಾರದಿಂದ ಅವನನ್ನು ಏಳು ಗಂಟೆಗೆ ಮನೆ ಸೇರುವ ಬಸ್ಸಿಗೆ ಹಾಕುತ್ತಾರೆ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಯಾರೂ ಮುರಿದದ್ದೂ ಇಲ್ಲ. ಬಾಣಂತಿ ಮನೆಗೆ ಗಂಡಸು ಬೇಕು ಎಂಬ ಒಳ್ಳೆಯ ಮನಸ್ಸಿನಿಂದಲೇ ಇದು ಶುರುವಾಗಿರಬೇಕು. ನನಗೆ ಆ ಬಗ್ಗೆ ತಕರಾರಿಲ್ಲ.

ನನಗೆ ಮದುವೆಯಾದ ಹೊಸತರಲ್ಲಿ ಮ್ಯಾನೇಜರೇ ಬೆನ್ನು ತಟ್ಟಿ, "ಒಂದು ಮಗು ಆಗ್ಲಿ ಮಾರಾಯ, ನಿನ್ನ ಬಾಳೆಹೊನ್ನೂರು ಬಸ್ಸಿಗೇ ಹಾಕ್ತೀನಿ" ಎಂದಿದ್ದರು. ಮಗು ಆಗಲಿಲ್ಲ. ಶಿವಮೊಗ್ಗ ಆಯಿತು, ಮಣಿಪಾಲ ಆಯಿತು, ಹರಕೆ ಆಯಿತು. ಕೊನೆಗೊಂದು ದಿನ ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಾ ನನ್ನ ಹೆಂಡತಿ, "ಇನ್ನು ಯಾವ ಡಾಕ್ಟ್ರ ಹತ್ರಾನೂ ನಾ ಬರದಿಲ್ಲ. ಹಸಿವಾಗ್ತಿದೆ, ಎಂತಾದ್ರೂ ತಿನ್ನಣ" ಎಂದಳು. ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ಅವಳು ಅತ್ತಳು, ನಾನೂ ಅತ್ತೆ, ಆಮೇಲೆ ಇನ್ನೊಂದು ದೋಸೆ ಹೇಳಿದೆವು. ಅಲ್ಲಿಗೆ ನಮ್ಮ ಮಟ್ಟಿಗೆ ಆ ವಿಷಯ ಮುಗಿಯಿತು. ಮುಗಿಯದೆ ಉಳಿದದ್ದು ಬಸ್‌ಸ್ಟ್ಯಾಂಡಿನಲ್ಲಿ.

ನನ್ನ ನಂತರ ಸೇರಿದವರು ಒಬ್ಬೊಬ್ಬರಾಗಿ ಪೇಡೆ ತಂದರು. ನಾನು ತಿಂದೆ. ಸಿಹಿ ಸಿಹಿಯಾಗಿಯೇ ಇತ್ತು, ಹೊಟ್ಟೆಕಿಚ್ಚಿನಿಂದ ತಿಂದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಿಟ್ಟು ಬರುತ್ತಿದ್ದದ್ದು ಆಮೇಲೆ ಬರುವ ಮಾತಿಗೆ. "ನಿಂಗೆಂತ ಮಾರಾಯ, ಆರಾಮ. ಮಕ್ಕಳ ರಗಳೆ ಇಲ್ಲ." ಯುಗಾದಿಗೆ ಹಾಲ್ಟಿಂಗ್ ನನಗೆ, ಯಾಕೆಂದರೆ ಅವರ ಮನೆಯಲ್ಲಿ ಮಕ್ಕಳು ಕಾಯುತ್ತವೆ. ದೀಪಾವಳಿಗೆ ನನಗೆ, ಯಾಕೆಂದರೆ ಅವರ ಮಕ್ಕಳಿಗೆ ಪಟಾಕಿ ಹೊಡೆಸಬೇಕು. ಪರೀಕ್ಷೆ ಬಂದರೆ ಅವರ ಮಕ್ಕಳಿಗೆ ಓದಿಸಬೇಕು, ರಜೆ ಬಂದರೆ ಅವರ ಮಕ್ಕಳನ್ನು ಅಜ್ಜಿ ಮನೆಗೆ ಬಿಡಬೇಕು. ಮೆತ್ತಗಿದ್ದರೆ ಮತ್ತೊಂದು ಗುದ್ದು ಎನ್ನುತ್ತಾರಲ್ಲ, ನಾನು ಮೆತ್ತಗಿದ್ದವನೂ ಅಲ್ಲ. ಪ್ರತಿ ಸಲವೂ ಜಗಳವಾಡಿಯೇ ಹೋಗುತ್ತಿದ್ದೆ.

ಜಗಳವಾಡುವಾಗ ನನಗೊಂದು ಕಾರಣ ಬೇಕಾಗುತ್ತಿತ್ತು. ಭಾವನ ಮನೆ ಗೃಹಪ್ರವೇಶ, ಹಲ್ಲುನೋವು, ಸೋರುವ ಹೆಂಚು. ಮ್ಯಾನೇಜರ್ ಕಾರಣವನ್ನು ಕೈಯಲ್ಲಿ ಹಿಡಿದು ತೂಗಿ ನೋಡುವವರ ಹಾಗೆ ತಲೆಯಾಡಿಸಿ, "ನೋಡುವ" ಎನ್ನುತ್ತಿದ್ದರು. ಮಕ್ಕಳಿದ್ದವರು ಕಾರಣ ಹೇಳಬೇಕಾಗಿರಲಿಲ್ಲ. ಅವರು ಏಳು ಗಂಟೆಗೆ ಮನೆಗೆ ಹೋಗಿ ಮಗುವನ್ನು ಎತ್ತಿ ಆಡಿಸುತ್ತಾರೋ, ಟಿವಿ ಮುಂದೆ ಕಾಲು ಚಾಚಿ ಮಲಗುತ್ತಾರೋ ಯಾರೂ ಕೇಳುತ್ತಿರಲಿಲ್ಲ. ನನ್ನ ಮನೆಯಲ್ಲಿ ಇದ್ದವಳು ಹೆಂಡತಿ ಒಬ್ಬಳೇ, ಆದ್ದರಿಂದ ಅದು ಮನೆಗೆ ಹೋಗಲು ಸಾಕಾಗುವ ಕಾರಣವಲ್ಲ ಎಂದು ಎಲ್ಲರೂ ಒಪ್ಪಿಕೊಂಡ ಹಾಗಿತ್ತು.

ನನಗೆ ಬೇಕಿದ್ದದ್ದು ಸಂಜೆ. ಸಂಬಳ ಹೆಚ್ಚು ಮಾಡಿ ಎಂದು ನಾನು ಆ ರೂಮಿನಲ್ಲಿ ಕೇಳಿದವನಲ್ಲ. ವಾರಕ್ಕೊಂದು ರಜೆಯ ದಿನ ಬಿಟ್ಟರೆ ನಾನೂ ಅವಳೂ ಒಟ್ಟಿಗೆ ಉಂಡದ್ದಿಲ್ಲ. ಆ ಕೊನೆಯ ಸ್ಟಾಪಿನಲ್ಲಿ ಫೋನಿಗೆ ನೆಟ್‌ವರ್ಕ್ ಇಲ್ಲ. ಕಿಗ್ಗದಲ್ಲಿ ಜನ ಇಳಿಯುವಷ್ಟರಲ್ಲಿ ಅವಳಿಗೆ ಫೋನ್ ಮಾಡಿ "ಉಂಡ್ಯಾ?" ಎಂದು ಕೇಳುವುದು, ಅವಳು "ಇನ್ನೂ ಇಲ್ಲ" ಎನ್ನುವುದು, ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುವುದು. ನಮ್ಮ ಸಂಸಾರದ ಮಾತುಕತೆ ಅಷ್ಟೇ ಆಗಿತ್ತು. ಇದು ಹೀಗೇ ಮುಂದುವರಿದರೆ ನಾವಿಬ್ಬರೂ ಪರಿಚಯದವರಾಗಿ ಉಳಿಯುತ್ತೇವೆ ಎಂಬ ಭಯ ನನಗಿತ್ತು.

ಹೀಗಿರುವಾಗ ಅವಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟುತ್ತೇನೆ ಎಂದಳು. ಹುಡುಗಿಯಾಗಿದ್ದಾಗ ಗಣಿತದಲ್ಲಿ ಫೇಲಾಗಿ ಶಾಲೆ ಬಿಟ್ಟವಳು. ಕೊಪ್ಪದ ಒಂದು ಗೊಬ್ಬರದ ಗೋಡೌನಿನಲ್ಲಿ ಬಿಲ್ ಬರೆಯಲು ಜನ ಬೇಕಿತ್ತು, ಎಸ್ಸೆಸ್ಸೆಲ್ಸಿ ಆಗಿರಬೇಕು ಎಂದಿದ್ದರು. ಅವಳ ತವರು ನರಸಿಂಹರಾಜಪುರ. ಅಲ್ಲಿ ಅವಳ ಅತ್ತಿಗೆ ಗಣಿತದ ಟೀಚರು. "ಅಲ್ಲಿ ಒಬ್ಬಳೇ ಗೋಡೆ ನೋಡ್ಕಂಡು ಕೂರೋ ಬದ್ಲು ಇಲ್ಲಿ ಬಾ, ನಾ ಪಾಸ್ ಮಾಡಿಸ್ತೀನಿ" ಎಂದು ಅತ್ತಿಗೆ ಕರೆದರು. ದೀಪಾವಳಿ ಕಳೆದ ಮೇಲೆ ಅವಳು ಬಟ್ಟೆ ಕಟ್ಟಿಕೊಂಡು ಹೊರಟಳು. ಹೊರಡುವಾಗ ನನ್ನಿಂದ ಆಣೆ ಹಾಕಿಸಿಕೊಂಡಳು. "ಪರೀಕ್ಷೆ ಅಂತ ಯಾರಿಗೂ ಹೇಳ್ಬೇಡಿ. ಫೇಲಾದ್ರೆ ಬಸ್‌ಸ್ಟ್ಯಾಂಡೆಲ್ಲ ನಗ್ತದೆ."

ಹಾಗಾಗಿ ಯಾರಾದರೂ ಕೇಳಿದರೆ "ತವರಿಗೆ ಹೋಗಿದಾಳೆ" ಎನ್ನುತ್ತಿದ್ದೆ. ತಿಂಗಳು ಕಳೆಯಿತು, ಮತ್ತೊಂದು ಕಳೆಯಿತು, ನಾನು ಅದೇ ಉತ್ತರ ಕೊಡುತ್ತಿದ್ದೆ. ರಜೆಯ ದಿನ ಹಣ್ಣು ತೆಗೆದುಕೊಂಡು ನರಸಿಂಹರಾಜಪುರಕ್ಕೆ ಹೋಗಿ ಬರುತ್ತಿದ್ದೆ. ಮ್ಯಾನೇಜರ್ ಯಾಕೋ ಮೆತ್ತಗಾಗಿದ್ದರು. "ಮನೇಲಿ ಆರೋಗ್ಯವಾ?" ಎಂದು ಕೇಳುತ್ತಿದ್ದರು. ಅಷ್ಟು ವರ್ಷದಲ್ಲಿ ಕೇಳದವರು ಕೇಳಿದ್ದು ನೋಡಿ, ವಯಸ್ಸಾಯಿತಲ್ಲ, ಬುದ್ಧಿ ಬಂದಿರಬೇಕು ಎಂದುಕೊಂಡೆ.

ಅವಳು ಪಾಸಾದಳು. ಗಣಿತದಲ್ಲಿ ಅತ್ತಿಗೆ ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಅಂಕ ಬಂದಿತ್ತು. ಹಗಲು ನಮ್ಮ ಹಾಲ್ಟಿಂಗ್ ಬಸ್ಸಿಗೂ ನರಸಿಂಹರಾಜಪುರಕ್ಕೊಂದು ಟ್ರಿಪ್ಪು ಇತ್ತು, ಮಧ್ಯಾಹ್ನ ನಾನು ಅಲ್ಲಿದ್ದಾಗಲೇ ಸುದ್ದಿ ಸಿಕ್ಕಿತು. ಬಸ್‌ಸ್ಟ್ಯಾಂಡಿನ ಎದುರಿನ ಬೇಕರಿಯಲ್ಲಿದ್ದ ಪೇಡೆಯನ್ನೆಲ್ಲ ಕಟ್ಟಿಸಿಕೊಂಡೆ. ಆಣೆ ತೀರಿತಲ್ಲ, ಇನ್ನು ಊರಿಗೆಲ್ಲ ಹೇಳಬಹುದು. ಕೊಪ್ಪಕ್ಕೆ ಬಂದಾಗ ನಮ್ಮ ಬಸ್ಸು ಲೇಟಾಗಿತ್ತು. ಖಾಸಗಿ ಬಸ್ಸಿನ ಟೈಮಿಂಗ್ ಎಂದರೆ ದೇವರ ಪೂಜೆಗಿಂತ ಕಟ್ಟುನಿಟ್ಟು, ಹಿಂದಿನ ಬಸ್ಸಿನವನು ಆಗಲೇ ಬಂದು ನಮ್ಮ ಬೆನ್ನಿಗೆ ಹಾರ್ನ್ ಹೊಡೆಯುತ್ತಿದ್ದ. ನಾನು ಬುಕಿಂಗ್ ರೂಮಿನ ಕಿಟಕಿಯಲ್ಲಿ ಡಬ್ಬಿ ಇಟ್ಟು, "ಎಲ್ರೂ ತಗಳ್ಳಿ ಸಾರ್, ನಮ್ಮನೇದು" ಎಂದು ಕೂಗಿ ಓಡಿ ಬಂದು ಫುಟ್‌ಬೋರ್ಡ್ ಹತ್ತಿದೆ. ಹಿಂದೆ ತಿರುಗಿ ನೋಡಿದರೆ ಮ್ಯಾನೇಜರ್ ಕುರ್ಚಿಯಿಂದ ಎದ್ದು ನಿಂತು ಎರಡೂ ಕೈ ಎತ್ತಿ ಮುಗಿಯುತ್ತಿದ್ದರು. ಒಂದು ಎಸ್ಸೆಸ್ಸೆಲ್ಸಿಗೆ ಇಷ್ಟು ಮರ್ಯಾದೆಯೇ ಎಂದು ನನಗೆ ಹೆಮ್ಮೆಯಾಯಿತು.

ಮರುದಿನ ಅವರು ಕರೆದು, "ಸೋಮವಾರದಿಂದ ನೀನು ಬಾಳೆಹೊನ್ನೂರು ಬಸ್ಸಿಗೆ. ಅಂತೂ ದೇವರು ಕಣ್ಣು ಬಿಟ್ಟ ಮಾರಾಯ" ಎಂದರು. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎಂದು ನಾನು ಏನೂ ಕೇಳಲಿಲ್ಲ. ಅಷ್ಟು ಕಾಲ ಜಗಳವಾಡಿದ್ದಕ್ಕೆ ಕೊನೆಗೂ ನ್ಯಾಯ ಸಿಕ್ಕಿತು ಎಂದೇ ನಂಬಿದೆ. ನನ್ನ ಜಾಗಕ್ಕೆ ಹಾಲ್ಟಿಂಗ್‌ಗೆ ಹಾಕಿದ್ದು ನಮ್ಮಲ್ಲಿ ಎಲ್ಲರಿಗಿಂತ ಕಿರಿಯ ಕಂಡಕ್ಟರನ್ನು. ಅವನಿಗೆ ಪುಟ್ಟ ಮಗಳಿದ್ದಳು. ಮಕ್ಕಳಿದ್ದವನನ್ನೂ ಹಾಕಿದ್ದಾರೆಂದರೆ ಇನ್ನು ಎಲ್ಲರಿಗೂ ಪಾಳಿ ಬರುತ್ತದೆ ಎಂದು ನಾನು ಲೆಕ್ಕ ಹಾಕಿಕೊಂಡೆ. ಪಾಸಾದ ಸುದ್ದಿ ಬಂದಾಗ ಜೊತೆಗಿದ್ದ ನನ್ನ ಹಳೆಯ ಡ್ರೈವರಿಗೆ ಮಾತ್ರ ನಿಜ ಗೊತ್ತಿತ್ತಂತೆ. ಆಮೇಲೆ ಕೇಳಿದ್ದಕ್ಕೆ, "ಗೊತ್ತಿತ್ತಪ್ಪ. ನಿಂಗೆ ಮನೆ ಸಿಗ್ತಾ ಇರ್ಬೇಕಾರೆ ನಾ ಯಾಕೆ ಬಾಯಿ ಹಾಕ್ಲಿ?" ಎಂದ.

ಅವಳೂ ತವರಿನಿಂದ ಬಂದಳು. ಮೊದಲ ಸಂಜೆ ನಾನು ಏಳೂಕಾಲಿಗೆ ಮನೆ ಬಾಗಿಲಲ್ಲಿ ನಿಂತಾಗ, ನೆಂಟರ ಮನೆಗೆ ಬಂದವನಂತೆ ಎಲ್ಲಿ ಕೂರುವುದೆಂದು ತಿಳಿಯಲಿಲ್ಲ. ಅವಳಿಗೆಂದು ಟೀ ಮಾಡಿದೆ. "ನಾನು ಸಂಜೆ ಟೀ ಕುಡಿಯದಿಲ್ಲ" ಎಂದಳು. ಮದುವೆಯಾಗಿ ಅಷ್ಟು ವರ್ಷದ ಮೇಲೆ ನನಗೆ ಆ ಸಂಗತಿ ಗೊತ್ತಾಯಿತು. ಎರಡು ಲೋಟವನ್ನೂ ನಾನೇ ಕುಡಿದೆ. ಮರುದಿನ ಟಿವಿಯಲ್ಲಿ ಏನು ನೋಡುವುದೆಂದು ಜಗಳವಾಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಒಟ್ಟಿಗೆ ಉಣ್ಣದವರಿಗೆ ಜಗಳವೂ ಸರಿಯಾಗಿ ಆಡಲು ಬರುವುದಿಲ್ಲ ಎಂದು ನನಗೆ ಆಗ ತಿಳಿಯಿತು. ಬಹಳ ಖುಷಿಯಾಗಿದ್ದೆ.

ಭಾನುವಾರ ಬಾಗಿಲು ಬಡಿದ ಶಬ್ದವಾಯಿತು. ತೆರೆದರೆ ಆ ಕಿರಿಯ ಕಂಡಕ್ಟರ್, ಅವನ ಹೆಂಡತಿ, ಮಗಳು. ಅವನ ಕೈಯಲ್ಲಿ ಬಾಳೆಹಣ್ಣು ಮತ್ತು ಊರ ತುಪ್ಪದ ಬಾಟಲಿ, ಅವಳ ಕೈಯಲ್ಲಿ ತಾನೇ ಹೆಣೆದ ಹಳದಿ ಟೊಪ್ಪಿ. ಅಂಗೈಯಷ್ಟೇ ಟೊಪ್ಪಿ. ನಾನು ಇನ್ನೂ ಅದನ್ನು ನೋಡುತ್ತಿರುವಾಗಲೇ ಅವರ ಮಗಳು ಚಪ್ಪಲಿ ಕಳಚಿ ಒಳಗೆ ಓಡಿ ಕೋಣೆಗೆ ಇಣುಕಿ, ಅಡುಗೆಮನೆಗೆ ಇಣುಕಿ, ತಿರುಗಿ ಬಂದು, "ಪಾಪು ಎಲ್ಲಿ?" ಎಂದಳು.

ಆಗ ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ತವರಿಗೆ ಹೋದ ಹೆಂಡತಿ, ತಿಂಗಳುಗಟ್ಟಲೆ ಬಾರದವಳು, ಹಣ್ಣು, ಕೊನೆಗೆ ಪೇಡೆ. ಬಸ್‌ಸ್ಟ್ಯಾಂಡು ತನ್ನ ಪಾಡಿಗೆ ಕೂಡಿ ಕಳೆದು ನಮಗೊಂದು ಮಗು ಕೊಟ್ಟಿತ್ತು. ಹೆಣ್ಣೋ ಗಂಡೋ ಎಂದು ಕೇಳಲು ಯಾರಿಗೂ ಪುರುಸೊತ್ತಾಗಿರಲಿಲ್ಲ, ನಾನು ಬಾಳೆಹೊನ್ನೂರು ಬಸ್ಸಿನಲ್ಲಿದ್ದೆ, ಅವರು ಅವರವರ ಬಸ್ಸಿನಲ್ಲಿದ್ದರು. ನನ್ನ ಹೆಂಡತಿಯ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಆಸ್ಪತ್ರೆಯ ಮೆಟ್ಟಿಲಲ್ಲಿ ಬಿಟ್ಟು ಬಂದದ್ದು ಮತ್ತೆ ಮನೆಯೊಳಗೆ ಬಂದ ಹಾಗಾಯಿತು. ನನಗೆ ಆ ಕ್ಷಣಕ್ಕೆ ಇಡೀ ಬಸ್‌ಸ್ಟ್ಯಾಂಡಿಗೆ ಬೆಂಕಿ ಹಚ್ಚುವಷ್ಟು ಸಿಟ್ಟು ಬಂದಿತ್ತು.

ಅವಳೇ ಮೊದಲು ಸುಧಾರಿಸಿಕೊಂಡಳು. ಕುಳಿತು ಆ ಹುಡುಗಿಯನ್ನು ಹತ್ತಿರ ಎಳೆದುಕೊಂಡು, "ಪಾಪು ಇಲ್ಲ ಪುಟ್ಟಿ. ನಾನು ಪರೀಕ್ಷೇಲಿ ಪಾಸಾದೆ, ಅದಕ್ಕೆ ನಿಮ್ಮಪ್ಪನಿಗೆ ಪೇಡೆ" ಎಂದಳು. ಹುಡುಗಿ ಸ್ವಲ್ಪ ಯೋಚಿಸಿ, "ನಾನೂ ಪಾಸು" ಎಂದಳು. ಅವಳ ತಾಯಿ ಟೊಪ್ಪಿಯನ್ನು ಸೆರಗಿನಲ್ಲಿ ಬಚ್ಚಿಡಲು ನೋಡಿದಳು. ಪಾಪ, ಅವಳ ಕಣ್ಣು ತುಂಬಿತ್ತು. ನನ್ನ ಹೆಂಡತಿ ಅವಳ ಕೈಯಿಂದ ಟೊಪ್ಪಿ ತೆಗೆದುಕೊಂಡು ನೋಡಿ, "ಎಷ್ಟು ಚಂದ ಹೆಣಿದೀಯ ಮಾರಾಯ್ತಿ, ನಂಗೂ ಹೇಳಿಕೊಡು" ಎಂದು ಕಾಫಿಗೆ ನೀರಿಟ್ಟಳು.

ಕಾಫಿ ಕುಡಿಯುವಾಗ ಅವನು ಲೋಟವನ್ನು ತಿರುಗಿಸುತ್ತಾ ಕೇಳಿದ. "ಅಣ್ಣಾ, ಹಂಗಾದ್ರೆ ಸೋಮವಾರದಿಂದ ಹಾಲ್ಟಿಂಗ್ ನೀವೇ ಹೋಗ್ತೀರಲ್ದಾ?"

ಅವನ ಮೇಲೆ ನನಗೆ ಕೋಪ ಬರಲಿಲ್ಲ. ನನ್ನ ಮಗುವಿಗಾಗಿ ತಾನು ಮನೆ ಬಿಟ್ಟಿರಬೇಕಾಯಿತು ಎಂದು ತಿಳಿದೂ ತುಪ್ಪ ಹೊತ್ತು ತಂದವನು ಅವನು. ಅವನ ಹೆಂಡತಿ, "ಕೂಸಿಗೆ ಕತ್ತಲೆ ಆದ ಮೇಲೆ ಜ್ವರ ಗಿರ ಬಂದ್ರೆ ನಾನೊಬ್ಬಳೇ ಎಂತ ಮಾಡದು ಅಂತ ಹೆದ್ರಿಕೆ ಆಗ್ತದೆ ಅಕ್ಕ" ಎಂದಳು. ಅದೂ ನಿಜವೇ. ಅಭ್ಯಾಸಬಲದಿಂದ "ಹೂಂ, ನಾನೇ ಹೋಗ್ತೀನಿ" ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ತಮ್ಮಾ," ಎಂದಳು ನನ್ನ ಹೆಂಡತಿ, ದನಿ ಎತ್ತರಿಸದೆ. "ಇವರು ಈ ವಾರವೆಲ್ಲ ಮನೆಗೆ ಬಂದಿದ್ದು ಪಾಪುನ ನೋಡಕ್ಕಲ್ಲ. ನಾನಿದೀನಿ ಅಂತ ಬಂದಿದ್ದು. ಪಾಪು ಇಲ್ಲ ಅಂತ ಗೊತ್ತಾದ ಕೂಡ್ಲೆ ನಾನೂ ಇಲ್ಲ ಅಂತ ಆಗ್ತದಾ?"

ನಾನು ಜಗಳವಾಡಿ ಗಂಟಲು ಹರಿದುಕೊಂಡ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹೇಳಲು ಬಾರದ ಮಾತನ್ನು ಅವಳು ಕಾಫಿ ಲೋಟ ಎತ್ತಿಡುತ್ತಾ ಹೇಳಿದ್ದಳು. ಅವನು, "ಇಲ್ಲ ಅಕ್ಕ, ಹಂಗಲ್ಲ" ಎಂದ. ಆಮೇಲೆ ನಿಧಾನವಾಗಿ, "ಆದ್ರೆ ನಾನೊಬ್ಬನೇ ಹೋಗದೂ ಸರಿಯಲ್ಲಲ್ಲ" ಎಂದ. ಅದಕ್ಕೆ ನಾವು ಯಾರೂ ಇಲ್ಲ ಎನ್ನಲಿಲ್ಲ. ಹೊರಡುವಾಗ ತುಪ್ಪದ ಬಾಟಲಿಯನ್ನು ವಾಪಸು ಕೊಡಲು ಹೋದರೆ ಅವನ ಹೆಂಡತಿ ತೆಗೆದುಕೊಳ್ಳಲಿಲ್ಲ, ಪಾಸಾದವರಿಗೂ ತುಪ್ಪ ಬೇಕು ಎಂದಳು.

ಸೋಮವಾರ ಬೆಳಿಗ್ಗೆ ಬುಕಿಂಗ್ ರೂಮಿಗೆ ನಾನೇ ಹೋಗಿ ವಿಷಯ ಹೇಳಿದೆ. ಮ್ಯಾನೇಜರ್ ಮೊದಲು ಪೆಚ್ಚಾದರು, ಆಮೇಲೆ ಸಿಟ್ಟಾದರು. "ಮಗು ಇಲ್ದೆ ಪೇಡೆ ಯಾಕೆ ಹಂಚಿದ್ದು ನೀನು?" ಎಂದರು.

"ಪೇಡೆ ತಿಂದೋರು ನೀವು ಸಾರ್. ಎಂತಕ್ಕೆ ಅಂತ ಕೇಳ್ದೆ ತಿಂದಿದ್ದು ನನ್ನ ತಪ್ಪಾ?"

ಒಳಗಿದ್ದವರು ನಕ್ಕರು. ಮ್ಯಾನೇಜರ್ ನಗಲಿಲ್ಲ. "ಹಂಗಾದ್ರೆ ಇವತ್ತಿಂದ ವಾಪಸ್ ಹಾಲ್ಟಿಂಗ್ ಬಸ್ಸು ಹತ್ತು. ನಿಯಮ ಅಂದ್ರೆ ನಿಯಮ" ಎಂದರು. ಅಲ್ಲಿ ನಮ್ಮ ಹಿರಿಯ ಕಂಡಕ್ಟರ್ ಒಬ್ಬರು ಬೆಂಚಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನರಸಿಂಹರಾಜಪುರ ಬಸ್ಸಿನವರು. ಅವರೂ, "ಹೌದು ಮತ್ತೆ. ಸಂಸಾರಸ್ಥರಿಗೆ ಕಷ್ಟ ಇರ್ತದೆ" ಎಂದರು. ನನಗೆ ಅವರ ಮಾತೇ ಸಾಕಾಯಿತು.

"ಸಾರ್," ಎಂದೆ, "ಇವರ ಮಗಳ ಮದುವೇಲಿ ನಾವೆಲ್ಲ ಹೋಳಿಗೆ ಉಂಡು ಬಂದಿದೀವಿ. ಮಗ ಉಡುಪೀಲಿ ಇದಾನೆ. ಇವರು ಸಂಜೆ ಏಳು ಗಂಟೆಗೆ ಓಡ್ಕಂಡು ಹೋಗದು ಯಾರಿಗೆ ಹಾಲು ಕುಡಿಸಕ್ಕೆ? ಇವರು ಪೇಡೆ ಹಂಚಿ ಎಷ್ಟು ಕಾಲ ಆತು? ಪೇಡೆಗೆ ಒಂದು ವಾಯಿದೆ ಅಂತ ಇಲ್ವಾ?"

ಅವರು ಎದ್ದು ನಿಂತರು. ನಾನೂ ಎದ್ದೇ ನಿಂತಿದ್ದೆ. "ನನ್ನ ಹೆಂಡ್ತಿ ಒಬ್ಬಳೇ ಇರ್ತಾಳೆ ಮನೇಲಿ" ಎಂದು ಅವರು ಕೂಗಿದರು.

"ನನ್ನ ಹೆಂಡ್ತೀನೂ ಒಬ್ಬಳೇ ಇರ್ತಾಳೆ" ಎಂದೆ ನಾನು. ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ, ದೂರದ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ನಿಂತವರಿಗೂ ಕೇಳಿಸಿರಬೇಕು. ಆದರೆ ಹೇಳಿದ್ದಕ್ಕೆ ನನಗೆ ಈವರೆಗೂ ಬೇಸರವಿಲ್ಲ.

ಕಿರಿಯವನು ಬಾಗಿಲಲ್ಲಿ ನಿಂತಿದ್ದ. ರಾತ್ರಿಯ ಹಾಲ್ಟಿಂಗ್‌ಗೆಂದು ಚಾಪೆ ಹಿಡಿದೇ ಬಂದಿದ್ದ. ಅವನು ನನ್ನ ವಿರುದ್ಧ ಮಾತಾಡಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು, ಅವನು ಗೆಲ್ಲುತ್ತಿದ್ದ. ಅವನು ಮುಂದೆ ಬಂದು, "ವಾರಕ್ಕೊಬ್ರು ಹೋಗಣ ಸಾರ್. ಎಲ್ರೂ. ಹಂಗಾದ್ರೆ ಒಂದು ವಾರ ಮುಗಿದ್ರೆ ಮತ್ತೆ ನನ್ನ ಸರದಿ ಬರದು ತಿಂಗಳ ಮೇಲೆ. ಯಾರಿಗೂ ಭಾರ ಆಗದಿಲ್ಲ" ಎಂದ. ಮಕ್ಕಳಿದ್ದವನೇ ಹೇಳಿದ ಮೇಲೆ ಮ್ಯಾನೇಜರಿಗೆ ಒರಗಲು ಗೋಡೆ ಉಳಿಯಲಿಲ್ಲ. "ನೋಡುವ" ಎಂದರು. "ಇವತ್ತೇ ನೋಡಿ ಸಾರ್" ಎಂದೆ. ಆ ದಿನವೇ ಮಾಲೀಕರಿಗೆ ಫೋನ್ ಮಾಡಿದರು. ಮಾಲೀಕರು, ಬಸ್ಸು ಟೈಮಿಗೆ ಹೊರಟರೆ ಸಾಕು, ಯಾರು ಮಲಗಿದರೆ ನನಗೇನು ಎಂದರಂತೆ. ಇಷ್ಟು ಸುಲಭದ ಉತ್ತರಕ್ಕೆ ನಾನು ಅಷ್ಟು ವರ್ಷ ಕಾಯಬೇಕಾಯಿತಲ್ಲ ಎಂದು ಮತ್ತೊಮ್ಮೆ ಸಿಟ್ಟು ಬಂತು.

ಮಕ್ಕಳಿಗೆ ಹುಷಾರಿಲ್ಲದಾಗ ಏನು ಮಾಡುವುದು ಎಂದು ಒಬ್ಬರು ಕೇಳಿದರು. ನಾನೇ ಹೇಳಿದೆ: ನನಗೆ ಫೋನ್ ಮಾಡಿ, ನಾನು ಹೋಗುತ್ತೇನೆ, ಆದರೆ ನನ್ನ ಸರದಿ ಬಂದಾಗ ಆ ದಿನ ವಾಪಸು ಕೊಡಬೇಕು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಹಾಗೆ ಆಗಬಾರದು. ಆ ಮಳೆಗಾಲದಲ್ಲಿ ಕಿರಿಯವನ ಮಗಳಿಗೆ ಜ್ವರ ಬಂತು. ಅವನು ಫೋನ್ ಮಾಡಿದ, ನಾನು ಚಾಪೆ ಹಿಡಿದು ಹೊರಟೆ, ಒಂದು ಮಾತೂ ಆಡಲಿಲ್ಲ. ಕೊನೆಯ ಸ್ಟಾಪಿನ ಜನ ಹಳೆಯ ನೆಂಟ ಬಂದನೆಂದು ಹಲಸಿನ ಹಪ್ಪಳ ಸುಟ್ಟು ಕೊಟ್ಟರು. ನನ್ನ ವಾರದಲ್ಲಿ ಅವನು ಆ ದಿನ ತೀರಿಸಿದ. ಬೇಡ ಎಂದು ನಾನು ಬಾಯಿಮಾತಿಗೂ ಹೇಳಲಿಲ್ಲ. ಅದರಿಂದ ನಮ್ಮ ಸ್ನೇಹಕ್ಕೆ ಏನೂ ಆಗಲಿಲ್ಲ, ಈಗಲೂ ಭಾನುವಾರ ಅವನ ಹೆಂಡತಿ ನಮ್ಮ ಮನೆಯಲ್ಲಿ ಕೂತು ಹೆಣೆಯುತ್ತಾಳೆ.

ಸುಲಭವಾದದ್ದು ಅಷ್ಟೇ. ಕಷ್ಟದ್ದು ಆಮೇಲೆ ಬಂತು.

ಮೊನ್ನೆ ಮೊನ್ನೆಯ ಮಾತು. ಹಿರಿಯ ಕಂಡಕ್ಟರ ಹಾಲ್ಟಿಂಗ್ ವಾರ. ನಾನು ಸಂಜೆ ಕಲೆಕ್ಷನ್ ಕಟ್ಟಿ ಹೊರಗೆ ಬರುವಾಗ ಅವರು ನನ್ನನ್ನು ಕಾಯುತ್ತಾ ನಿಂತಿದ್ದರು. ಅವತ್ತು ಅವರ ಬಸ್ಸು ಶೃಂಗೇರಿಗೆ ಹೊರಡಲು ಇನ್ನೂ ಸ್ವಲ್ಪ ಸಮಯವಿತ್ತು, ಮುಂದೆ ಹಾಲ್ಟಿಂಗ್. ಆ ದೊಡ್ಡ ಜಗಳದ ನಂತರ ನಾವು ಬಸ್ಸಿನ ವಿಷಯ ಬಿಟ್ಟು ಬೇರೆ ಮಾತಾಡಿದವರಲ್ಲ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ, "ಮಗಳು ಮೊಮ್ಮಗಳು ಬಂದಿದಾರೆ ಮಾರಾಯ. ನಾಳಿದ್ದು ಹೋಗ್ತಾರೆ. ಇವತ್ತೊಂದು ದಿನ ನೀನು ಹೋಗ್ತೀಯಾ?" ಎಂದರು. ನಾನು ಕಲೆಕ್ಷನ್ನಿನ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡೆ. ಅವರು ಕೇಳಿದರು, "ನಿಂಗೆ ಇವತ್ತು ಮನೇಲಿ ಎಂತಾದ್ರೂ ಕೆಲಸ ಇದ್ಯಾ?"

ಕೆಲಸ ಇರಲಿಲ್ಲ. ನೆಂಟರಿಲ್ಲ, ಹಬ್ಬವಿಲ್ಲ, ಯಾರಿಗೂ ಹುಷಾರು ತಪ್ಪಿಲ್ಲ. ಮೊದಲಾಗಿದ್ದರೆ ಒಂದು ಹಲ್ಲುನೋವು ಹುಡುಕುತ್ತಿದ್ದೆ. ಅವರ ಮುಖದಲ್ಲಿ ಮೊಮ್ಮಗಳ ಆಸೆ ಕಾಣುತ್ತಿತ್ತು, ಅದೇನೂ ನಾಟಕವಲ್ಲ. ಮನಸ್ಸು ಕರಗುತ್ತಿತ್ತು. ಆದರೆ ಇವತ್ತು ಕಾರಣವಿಲ್ಲ ಎಂದು ಒಪ್ಪಿ ಹೋದರೆ, ನಾಳೆಯಿಂದ ಪ್ರತಿ ಸಂಜೆಗೂ ಕಾರಣ ಕೊಡಬೇಕಾಗುತ್ತದೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

"ಎಂತ ಕೆಲಸಾನೂ ಇಲ್ಲ" ಎಂದೆ. "ಸುಮ್ನೆ ಮನೆಗೆ ಹೋಗ್ತಿದೀನಿ. ಮಗು ಹುಷಾರಿಲ್ದಿದ್ರೆ ಹೇಳಿ, ಈಗ್ಲೇ ಬಸ್ಸು ಹತ್ತೀನಿ."

"ಹುಷಾರಾಗೇ ಇದಾಳೆ" ಎಂದರು ಅವರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು, ಫುಟ್‌ಬೋರ್ಡ್ ಹತ್ತಿ, ಅಭ್ಯಾಸದಂತೆ ಬಸ್ಸಿನ ಬದಿಗೆ ಎರಡು ಸಲ ಬಡಿದು "ರೈಟ್" ಎಂದರು.

ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಆ ಮುದುಕನ ಮುಖವೇ ಕಣ್ಣಮುಂದೆ ಇತ್ತು. ನನ್ನ ಹೆಂಡತಿ ಗೋಡೌನಿನಿಂದ ಆಗಲೇ ಬಂದಿದ್ದಳು. ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚುತ್ತಾ ಅವಳಿಗೆ ನಡೆದದ್ದನ್ನು ಹೇಳಿದೆ. "ಹೋಗಬಹುದಿತ್ತೇನೋ. ಮನೇಲಿ ಎಂತ ಕೆಲಸಾನೂ ಇರ್ಲಿಲ್ಲ" ಎಂದೆ.

ಅವಳು ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಂಡಳು. "ಹೋಗಿದ್ರೆ ನಾನೇನೂ ಅಂತಿರಲಿಲ್ಲ" ಎಂದಳು. "ಆದ್ರೆ ನಾಳೆಯಿಂದ ಅಕ್ಕಿ ಅಳೆಯೋವಾಗ, ನೀವು ಬರ್ತೀರೋ ಇಲ್ವೋ ಅಂತ, ನಿಮ್ಮ ಪಾಲು ಹಾಕ್ತಿರಲಿಲ್ಲ."

ಅಷ್ಟು ಹೇಳಿ ಒಳಗೆ ಹೋದಳು. ನಾನು ಎದ್ದು ಕೈಕಾಲು ತೊಳೆದುಕೊಂಡೆ. ಒಳಗೆ ಇಬ್ಬರ ಅನ್ನ ಬೇಯುತ್ತಿತ್ತು.